ಉತ್ತರ ಕನ್ನಡದ ಗಿಡಮರಗಳನ್ನು ಹಾಳೆಗಿಳಿಸಿದವರು

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿರುವುದು ಎಲ್ಲರೂ ಬಲ್ಲ ಸಂಗತಿ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ಹರೆಯದ ಕವಿ ಬಂದು ಕೆಲಕಾಲ ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಇಲ್ಲಿಯೇ ಬರೆದರು. ನಮ್ಮ ಊರಿನ ಬಗೆಗೆ ಭಾಷಣ ಮಾಡುವವರು ಈ ಪ್ರಸಂಗವನ್ನು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಅದೇ ಕಾಲದಲ್ಲಿ, ಇದೇ ಊರಿನಲ್ಲಿದ್ದು, ಇದೇ ಕಾಡುಗಳನ್ನು ಸುತ್ತಿ, ಇಲ್ಲಿನ ಹುಲ್ಲು-ಬಳ್ಳಿ-ಮರಗಳ ಲೆಕ್ಕವನ್ನು ಜಗತ್ತಿಗೆ ಒಪ್ಪಿಸಿದ ಕೆಲವರಿದ್ದರು. ಅವರ ಹೆಸರಿನಲ್ಲಿ ಕಡಲತೀರವಿಲ್ಲ, ರಸ್ತೆಯೂ ಇಲ್ಲ. ಇಂದು ಅವರ ಕುರಿತು ಬರೆಯಬೇಕೆನಿಸಿದೆ.

ಠಾಕೂರರು ಕಾರವಾರಕ್ಕೆ ಬಂದ ಆ 1883ರಲ್ಲಿಯೇ ಮುಂಬಯಿಯಲ್ಲಿ ಎಂಟು ಜನ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದರು. ಆ ಎಂಟು ಜನರಲ್ಲಿ ಒಬ್ಬರಾದ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್ ಅವರು ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. ನೌಕರಿಯ ನಿಮಿತ್ತ ಅವರು ನಮ್ಮ ಜಿಲ್ಲೆಗೂ ಬಂದರು. ಇಲ್ಲಿ ಜೇಮ್ಸ್ ಡೇವಿಡ್ಸನ್ ಎಂಬ ಐ.ಸಿ.ಎಸ್. ಅಧಿಕಾರಿ ಮತ್ತು ಥಾಮಸ್ ರೀಡ್ ಡೇವಿಸ್ ಬೆಲ್ ಎಂಬ ತರುಣ ಅರಣ್ಯಾಧಿಕಾರಿ ಅವರ ಜೊತೆಯಾದರು. ಮೂವರೂ ಸೇರಿ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಕುರಿತು ಬರೆದ ದೀರ್ಘ ಲೇಖನ 1896ರಿಂದ ಕಂತುಕಂತಾಗಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಬ್ಬರು ಕಂದಾಯ, ಒಬ್ಬರು ಉಪ್ಪು, ಒಬ್ಬರು ಕಾಡು. ಮೂವರೂ ಪ್ರಜೆಗಳಿಗೆ ಅಷ್ಟೇನೂ ಪ್ರಿಯವಲ್ಲದ ಇಲಾಖೆಗಳವರು. ಏಟ್ಕನ್ನರ ಆ ಉಪ್ಪಿನ ಕಾನೂನನ್ನೇ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯ ಜನ ಮುರಿದರು. ಬೆಲ್ಲರ ಅರಣ್ಯ ಇಲಾಖೆಯ ಮೇಲೆ ನಮ್ಮ ಹಿರಿಯರಿಗಿದ್ದ ಸಿಟ್ಟಂತೂ ಹೇಳತೀರದು. ಇದನ್ನು ಮರೆತು ಈ ಅಧಿಕಾರಿಗಳನ್ನು ಬರಿದೇ ಹೊಗಳುವುದು ನನ್ನ ಉದ್ದೇಶವಲ್ಲ. ಅವರ ಅಧಿಕಾರ ಹೋಯಿತು, ಅವರು ಒಣಗಿಸಿಟ್ಟ ಎಲೆಗಳು ಉಳಿದಿವೆ ಎಂಬುದಷ್ಟೇ ನನಗೆ ಕುತೂಹಲದ ವಿಷಯ.

ಅವರಿಗಿಂತ ಬಹಳ ಮೊದಲೇ ಫ್ರಾನ್ಸಿಸ್ ಬುಕನನ್ ಈ ಹಾದಿಯಲ್ಲಿ ಹಾದುಹೋಗಿದ್ದರು. ಟಿಪ್ಪುವಿನ ಪತನಾನಂತರ ಮೈಸೂರು, ಕನ್ನಡ, ಮಲಬಾರ ಸೀಮೆಗಳನ್ನು ಸಮೀಕ್ಷಿಸಲು ಹೊರಟ ಅವರು 1801ರಲ್ಲಿ ಗೋಕರ್ಣ, ಅಂಕೋಲೆ, ಸದಾಶಿವಗಡಗಳನ್ನು ಕಂಡು ಘಟ್ಟ ಹತ್ತಿದರು. ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆಯೇಳುವ ನಮ್ಮ ಹೊಳಗೇರು ಮರದ ಕುಲಕ್ಕೆ ‘ಹೊಲಿಗರ್ನಾ’ ಎಂಬ ವೈಜ್ಞಾನಿಕ ಹೆಸರು ಬಂದದ್ದು ಆ ಕನ್ನಡದ ಹೆಸರಿನಿಂದಲೇ. ಲ್ಯಾಟಿನ್ನಿನ ವೇಷ ತೊಟ್ಟ ಕನ್ನಡ ಶಬ್ದವೊಂದು ಲೋಕದ ಸಸ್ಯಗ್ರಂಥಗಳಲ್ಲೆಲ್ಲ ಓಡಾಡಿಕೊಂಡಿದೆ ಎಂದರೆ ವಿದ್ಯಾರ್ಥಿಗಳು ಕಣ್ಣರಳಿಸುತ್ತಿದ್ದರು.

1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಚರಿತ್ರೆಯ ಪಾಠದಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಈ ಘಟನೆ ನಮ್ಮ ಸಸ್ಯಗಳ ಪಾಲಿಗೆ ದೊಡ್ಡದು. ದಕ್ಷಿಣ ಕನ್ನಡದ ಗಿಡಗಳು ಮದರಾಸಿನ ಗ್ರಂಥಗಳಲ್ಲಿಯೂ ನಮ್ಮವು ಮುಂಬಯಿಯ ಗ್ರಂಥಗಳಲ್ಲಿಯೂ ದಾಖಲಾದವು. ಥಿಯೋಡೋರ್ ಕುಕ್ ಅವರು ಬರೆದ ಮುಂಬಯಿ ಪ್ರಾಂತದ ಸಸ್ಯಸಂಪತ್ತಿನ ಮಹಾಗ್ರಂಥವು 1901ರಿಂದ 1908ರವರೆಗೆ ಭಾಗಭಾಗವಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲೊಂದು ಪದ್ಧತಿಯುಂಟು. ಪ್ರತಿ ಗಿಡದ ವಿವರಣೆಯ ಕೊನೆಗೆ ಅದು ದೊರೆತ ಸ್ಥಳ, ಸಂಗ್ರಹಿಸಿದವರ ಹೆಸರು, ಆ ಹೆಸರಿನ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಮೊದಲ ಬಾರಿ ನೋಡಿದವರಿಗೆ ಗ್ರಂಥಕರ್ತರು ಹೆಜ್ಜೆಹೆಜ್ಜೆಗೂ ಬೆರಗಾಗಿದ್ದಾರೇನೋ ಎನಿಸಬೇಕು! ಅದರ ಅರ್ಥ ಬೇರೆ: ಈ ಮಾದರಿಯನ್ನು ನಾನು ಸ್ವತಃ ಕಂಡಿದ್ದೇನೆ ಎಂಬ ಸಾಕ್ಷಿ ಅದು. ನಮ್ಮ ಜಿಲ್ಲೆಯ ಹೆಸರು ಬಂದಲ್ಲಿ ಆ ಚಿಹ್ನೆಯ ಹಿಂದೆ ಬಹಳ ಸಲ ಕಾಣುವ ಹೆಸರು ಟಾಲ್ಬಟ್.

ವಿಲಿಯಂ ಅಲೆಕ್ಸಾಂಡರ್ ಟಾಲ್ಬಟ್ ಅರಣ್ಯಾಧಿಕಾರಿಗಳು. ಉತ್ತರ ಕನ್ನಡದ ಕಾಡುಗಳಲ್ಲಿ ಬಹುಕಾಲ ಕೆಲಸ ಮಾಡಿದವರು. 1894ರಲ್ಲಿ ಪ್ರಾಂತದ ಮರ, ಪೊದೆ, ಮರಬಳ್ಳಿಗಳ ಒಂದು ಪಟ್ಟಿಯನ್ನು ಹೊರತಂದರು. 1902ರಲ್ಲಿ ಅದು ತಿದ್ದುಪಡಿಯಾಗಿ ಮತ್ತೆ ಬಂತು. ಕೊನೆಗೆ 1909 ಮತ್ತು 1911ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಮುಂಬಯಿ ಪ್ರಾಂತ ಮತ್ತು ಸಿಂಧದ ಅರಣ್ಯ ಸಸ್ಯಗಳ ಗ್ರಂಥ, ಚಿತ್ರಗಳ ಸಹಿತ ಪ್ರಕಟವಾಯಿತು. ಒಂದೇ ವಿಷಯವನ್ನು ಹದಿನೇಳು ವರ್ಷ ತಿದ್ದುತ್ತ ಬೆಳೆಸಿದ ಪರಿ ಇದು. ಮತ್ತಿ, ಹೊನ್ನೆ, ಕಿಂದಳ, ಸುರಗಿ ಮುಂತಾಗಿ ನಾವು ಬಾಯಲ್ಲಿ ಆಡುವ ಮರಗಳು ಎಲೆಯ ಅಳತೆ, ಹೂವಿನ ದಳಗಳ ಎಣಿಕೆ, ಮರದ ತಿರುಳಿನ ಬಣ್ಣಗಳ ಸಮೇತ ಅಲ್ಲಿ ನಿಂತಿವೆ. ದಿಮ್ಮಿಯ ಬೆಲೆಗಾಗಿಯೇ ಇಲಾಖೆಗೆ ಮರದ ಗುರುತು ಬೇಕಾಗಿತ್ತು, ನಿಜ. ದಿಮ್ಮಿಯಾಗದ ಪೊದೆ-ಬಳ್ಳಿಗಳಿಗೂ ಟಾಲ್ಬಟ್ಟರು ಅಷ್ಟೇ ಪುಟಗಳನ್ನು ಕೊಟ್ಟರು ಎಂಬುದೂ ನಿಜ.

ಇಲ್ಲಿ ಹರ್ಬೇರಿಯಂ ಎಂದರೇನೆಂದು ಹೇಳಬೇಕು. ಸಸ್ಯಾಗಾರ ಎಂದು ಕೆಲವರು ಅನುವಾದಿಸುತ್ತಾರೆ. ಅಲ್ಲಿ ಕುಂಡಗಳಿರುವುದಿಲ್ಲ, ಕಪಾಟುಗಳಿರುತ್ತವೆ. ಹೂ, ಕಾಯಿ, ಎಲೆ ಮೂರೂ ಇರುವ ಒಂದು ಕೊಂಬೆಯನ್ನು ಕಾಗದಗಳ ನಡುವೆ ಹರಡಿ, ಹಲಗೆಗಳಿಂದ ಬಿಗಿದು, ತೇವವೆಲ್ಲ ಹೋಗುವವರೆಗೆ ದಿನವೂ ಕಾಗದ ಬದಲಿಸುತ್ತ ಒಣಗಿಸಬೇಕು. ಹುಳು ಹಿಡಿಯದಂತೆ ಹಿಂದೆಲ್ಲ ಪಾದರಸದ ವಿಷದ್ರಾವಣವನ್ನು ಸವರುತ್ತಿದ್ದರು. ಬಳಿಕ ದಪ್ಪ ಹಾಳೆಗೆ ಅಂಟಿಸಿ ಅಥವಾ ಹೊಲಿದು, ಕೆಳಮೂಲೆಯಲ್ಲಿ ಚೀಟಿ: ಎಲ್ಲಿ, ಯಾವ ದಿನ, ಯಾರು, ಎಷ್ಟನೆಯ ಸಂಖ್ಯೆ. ಚೀಟಿಯಿಲ್ಲದ ಹಾಳೆ ಕಸಕ್ಕೆ ಸಮ. ಹೊಸ ಸಸ್ಯಕ್ಕೆ ಹೆಸರಿಡುವಾಗ ಒಂದು ನಿರ್ದಿಷ್ಟ ಹಾಳೆಯನ್ನು ಮೂಲಮಾದರಿಯೆಂದು ಘೋಷಿಸುತ್ತಾರೆ. ಮುಂದೆ ಎಂದಾದರೂ ಜಗಳ ಬಂದರೆ ತೀರ್ಪು ಆ ಹಾಳೆಯದೇ.

ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಜೂನಿನಿಂದ ಗೋಡೆಯ ಮೇಲೆ, ಚಪ್ಪಲಿಯ ಮೇಲೆ, ಪಠ್ಯಪುಸ್ತಕದ ರಟ್ಟಿನ ಮೇಲೆ ಬೂಷ್ಟು ಬರುವ ಊರು. ನಮ್ಮ ಹುಲ್ಲುಗಳೂ ಗುಡ್ಡದ ನೆತ್ತಿಯ ಸಣ್ಣ ಹೂಗಿಡಗಳೂ ಹೂ ಬಿಡುವುದು ಸರಿಯಾಗಿ ಆ ಮಳೆಯಲ್ಲಿ ಅಥವಾ ಅದರ ಬೆನ್ನಿಗೆ. ಹಂಡೆಯ ಒಲೆಯ ಪಕ್ಕ ಹಪ್ಪಳ ಒಣಗಿಸಿದವರಿಗೆ ಮಾತ್ರ ಆ ದಿನಗಳಲ್ಲಿ ಒಂದು ಹುಲ್ಲಿನ ತೆನೆಯನ್ನು ಬಣ್ಣಗೆಡದಂತೆ ಒಣಗಿಸುವ ಕಷ್ಟ ತಿಳಿದೀತು. ಶಾಲೆಯಲ್ಲಿ ಮಕ್ಕಳಿಂದ ಎಲೆಗಳ ಪುಸ್ತಕ ಮಾಡಿಸುತ್ತಿದ್ದ ಕಾಲದಲ್ಲಿ, ಆಗಸ್ಟಿನಲ್ಲಿ ಇಟ್ಟ ಎಲೆಗಳು ದಸರೆಯ ರಜೆ ಮುಗಿಯುವಷ್ಟರಲ್ಲಿ ಕಪ್ಪು ಅಂಟಾಗಿರುತ್ತಿದ್ದವು.

ಬೆಲ್ಲರು ಗಿಡಗಳ ಕಡೆಗೆ ಬಂದದ್ದು ಚಿಟ್ಟೆಯ ಬಾಗಿಲಿನಿಂದ. ಹಾರುವ ಚಿಟ್ಟೆಯನ್ನು ಬಲೆಯಲ್ಲಿ ಹಿಡಿದು ಸೂಜಿ ಚುಚ್ಚಿದರೆ ಅರ್ಧ ಕತೆಯಷ್ಟೇ ತಿಳಿಯುತ್ತದೆ. ಇನ್ನರ್ಧ ತಿಳಿಯಬೇಕಾದರೆ ಕಂಬಳಿಹುಳುವನ್ನು ಸಾಕಬೇಕು. ಸಾಕಬೇಕಾದರೆ ಅದು ಯಾವ ಎಲೆ ತಿನ್ನುತ್ತದೆಂದು ಗೊತ್ತಿರಬೇಕು. ಹುಳುಗಳಾದರೋ ಮಹಾ ಹಟಮಾರಿಗಳು. ಕರ್ನಾಟಕದ ರಾಜ್ಯ ಚಿಟ್ಟೆಯೆನಿಸಿದ ದೊಡ್ಡ ರೆಕ್ಕೆಯ ಸದರ್ನ್ ಬರ್ಡ್‌ವಿಂಗ್‌ನ ಮರಿಗೆ ಈಶ್ವರಬಳ್ಳಿಯ ಕುಟುಂಬದ ಎಲೆಯೇ ಆಗಬೇಕು, ಲಿಂಬೆಯ ಚಿಟ್ಟೆಯ ಮರಿಗೆ ಲಿಂಬೆಯ ಬಳಗವೇ ಆಗಬೇಕು. ಹೀಗೆ ಹುಳುವಿನ ಊಟದ ಹಿಂದೆ ಹೋದವರು ಕಾಡಿನ ಪ್ರತಿ ಬಳ್ಳಿಯ ಹೆಸರು ಕೇಳತೊಡಗುವುದು ಸಹಜ. ಅವರು ಮುಂದೆ ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳ ಕುರಿತು ಸೊಸೈಟಿಯ ಪತ್ರಿಕೆಯಲ್ಲಿ ಹಲವು ವರ್ಷ ಬರೆದ ಲೇಖನಮಾಲೆಯಲ್ಲಿ ಚಿಟ್ಟೆಯಷ್ಟೇ ವಿವರವಾಗಿ ಅದರ ಆಹಾರದ ಗಿಡವೂ ಬರುತ್ತದೆ. ಐರ್ಲೆಂಡಿನ ಕಾರ್ಕ್ ಸೀಮೆಯ ಬ್ಯಾಂಡನ್ ಎಂಬಲ್ಲಿ 1863ರಲ್ಲಿ ಹುಟ್ಟಿದ ಈ ಮನುಷ್ಯ ನಿವೃತ್ತಿಯ ನಂತರ ಊರಿಗೆ ಮರಳಲಿಲ್ಲ. ಕಾರವಾರದಲ್ಲಿಯೇ ಮನೆ ಮಾಡಿದರು. ಎಫ್. ಬಿ. ಸ್ಕಾಟ್ ಅವರೊಡನೆ ಬರೆದ ಹಾಕ್ ಪತಂಗಗಳ ದೊಡ್ಡ ಸಂಪುಟ 1937ರಲ್ಲಿ, ಅವರ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಬಂತು. 1948ರಲ್ಲಿ, ದೇಶ ಸ್ವತಂತ್ರವಾದ ಮರುವರ್ಷ, ಕಾರವಾರದಲ್ಲಿಯೇ ತೀರಿಕೊಂಡರು.

ಗಿಡಗಳ ವಿಷಯದಲ್ಲಿ ಬೆಲ್ಲರ ಜೊತೆಗಾರ ಲಿಯೊನಾರ್ಡ್ ಜಾನ್ ಸೆಜ್‌ವಿಕ್. ಅವರು ಐ.ಸಿ.ಎಸ್. ಅಧಿಕಾರಿ, 1921ರ ಮುಂಬಯಿ ಪ್ರಾಂತದ ಜನಗಣತಿಯನ್ನು ನಡೆಸಿ ವರದಿ ಬರೆದವರು. ಹಗಲು ಮನುಷ್ಯರ ಎಣಿಕೆ, ಬಿಡುವಿನಲ್ಲಿ ಜೇಕಿನಂಥ ಹುಲ್ಲುಗಳ ಮತ್ತು ಪಾಚಿಗಳ ಎಣಿಕೆ. ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಇವರಿಬ್ಬರೂ ನಮ್ಮ ಜಿಲ್ಲೆಯ ಕಾಡುಗಳಲ್ಲಿ ಸಂಗ್ರಹಿಸಿದ ಮಾದರಿಗಳ ಚೀಟಿಗಳಲ್ಲಿ ‘ಸೆಜ್‌ವಿಕ್ ಮತ್ತು ಬೆಲ್’ ಎಂಬ ಜೋಡಿ ಹೆಸರಿದೆ. ಸೆಜ್‌ವಿಕ್ಕರು 1921ರಲ್ಲಿ ಹೆಸರಿಟ್ಟ ‘ಸೆರೋಪೀಜಿಯಾ ಫೆಂಟಾಸ್ಟಿಕಾ’ ಎಂಬ ವಿಚಿತ್ರ ಹೂವಿನ ಬಳ್ಳಿ ನಮ್ಮ ಜಿಲ್ಲೆಯದೇ; ದಶಕಗಳ ಮೇಲೆ ಗೋವೆಯ ಕಾಡಿನಲ್ಲಿಯೂ ಕಂಡುಬಂದ ಅದು ಇಂದು ಅತಿ ವಿರಳ. ಸೆಜ್‌ವಿಕ್ಕರು 1925ರಲ್ಲಿ ತೀರಿಕೊಂಡರು. ಅವರ ಸಂಗ್ರಹ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿತು.

ಈ ಜೋಡಿಯ ಒಂದು ಹಾಳೆಯ ಕತೆಯನ್ನು ಸಾವಧಾನವಾಗಿ ಹೇಳಬೇಕು. 1919ರಲ್ಲಿ ಅವರು ಗೇರುಸೊಪ್ಪೆಯ ಜಲಪಾತಕ್ಕೆ, ಎಂದರೆ ನಮ್ಮ ಜೋಗಕ್ಕೆ, ಹೋಗಿದ್ದರು. ಧಾರೆಯ ತುಂತುರಿನಲ್ಲಿ ಸದಾ ನೆನೆಯುತ್ತಿದ್ದ ಬಂಡೆಗಳ ಮೇಲೆ ಒಂದು ಎಳಸು ಹುಲ್ಲು. ಕಿತ್ತರು, ಒಣಗಿಸಿದರು, ಸಂಖ್ಯೆ ಬರೆದರು. ಅದು ಯಾವುದೆಂದು ಆಗ ಯಾರೂ ಹೇಳಲಿಲ್ಲ. ಹಾಳೆ ಇಂಗ್ಲೆಂಡಿನ ಕ್ಯೂ ಉದ್ಯಾನದ ಸಸ್ಯಾಗಾರದಲ್ಲಿ ಮಲಗಿತು. ಸೆಜ್‌ವಿಕ್ ತೀರಿಕೊಂಡರು. 1935ರಲ್ಲಿ ಬ್ಲಾಟರ್ ಮತ್ತು ಮೆಕ್ಯಾನ್ ಅವರ ಮುಂಬಯಿ ಹುಲ್ಲುಗಳ ಗ್ರಂಥ ಬಂತು. ಈ ಹುಲ್ಲಿಗೆ ಆಗಲೂ ಹೆಸರು ಸಿಗಲಿಲ್ಲ. ಎರಡನೆಯ ಮಹಾಯುದ್ಧ ನಡೆದು ಮುಗಿಯಿತು. ಬೆಲ್ಲರೂ ತೀರಿಕೊಂಡರು. ಆಮೇಲೆ, ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದು ಕ್ಯೂಗೆ ಹೋಗಿ ಸೇರಿದ್ದ ನಾರ್ಮನ್ ಲಾಫ್ಟಸ್ ಬೋರ್ ಎಂಬ ಹುಲ್ಲಿನ ಪಂಡಿತರು ಆ ಹಾಳೆಯನ್ನು ಬಿಡಿಸಿ ನೋಡಿದರು. ಅದು ಹೊಸ ಪ್ರಭೇದ ಮಾತ್ರವಲ್ಲ, ಹೊಸ ಕುಲವೇ ಎಂದು ನಿರ್ಣಯಿಸಿ, 1950ರ ಕ್ಯೂ ಬುಲೆಟಿನ್ನಿನಲ್ಲಿ ‘ಹಬಾರ್ಡಿಯಾ ಹೆಪ್ಟಾನ್ಯೂರಾನ್’ ಎಂದು ನಾಮಕರಣ ಮಾಡಿದರು. ಕುಲದ ಹೆಸರು ಕ್ಯೂನ ಇನ್ನೊಬ್ಬ ಹುಲ್ಲುತಜ್ಞ ಸಿ. ಇ. ಹಬಾರ್ಡ್ ಅವರ ಗೌರವಾರ್ಥ. ಎರಡನೆಯ ಶಬ್ದಕ್ಕೆ ಏಳು ನರಗಳದ್ದು ಎಂದರ್ಥ. ಕಿತ್ತವರೂ ಹೆಸರಿಟ್ಟವರೂ ಬೇರೆ, ನಡುವೆ ಮೂವತ್ತು ವರ್ಷ. ಬೆಲ್ಲರಂತೆ ಬೋರರೂ ಐರ್ಲೆಂಡಿನವರೆಂಬುದೊಂದು ಕಾಕತಾಳೀಯ.

ಆ ಹುಲ್ಲಿಗೆ ಹೆಸರು ದೊರೆಯುವ ಹೊತ್ತಿಗೆ ಜೋಗದ ನೀರಿಗೆ ಬೇರೆ ಕೆಲಸ ಸಿಕ್ಕಿತ್ತು. 1948ರಲ್ಲಿ ಅಲ್ಲಿನ ವಿದ್ಯುದಾಗಾರ ಆರಂಭವಾಯಿತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆ ಬೆಳಕು ಬಂತು. ಆ ಬೆಳಕಿನಲ್ಲಿಯೇ ನಾನೂ ಓದಿದವನು, ಅದನ್ನು ಹಳಿಯಲಾರೆ. ಆದರೆ ಮಳೆಗಾಲದ ಹೊರತು ತುಂತುರು ಉಳಿಯಲಿಲ್ಲ. ಸಸ್ಯಶಾಸ್ತ್ರಜ್ಞರು ಹುಡುಕಿಕೊಂಡು ಹೋದಾಗ ಬಂಡೆಗಳ ಮೇಲೆ ಹುಲ್ಲು ಸಿಗಲಿಲ್ಲ. ನೀರು ಕಡಿಮೆಯಾದದ್ದೇ ಕಾರಣವೆಂದು ಅವರ ಅಭಿಪ್ರಾಯ. ಅದನ್ನು ನಿರ್ನಾಮವಾದವುಗಳ ಸಾಲಿಗೆ ಸೇರಿಸಿದರು. ಎಂದರೆ, ಈ ಕುಲಕ್ಕೆ ಲೋಕದಲ್ಲಿದ್ದ ಪುರಾವೆ ಒಣಗಿದ ಆ ಮಾದರಿಯೊಂದೇ.

ಈ ಶತಮಾನದ ಆರಂಭದ ವರ್ಷಗಳಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್. ಆರ್. ಯಾದವ್ ಮತ್ತು ಸಂಗಡಿಗರಿಗೆ ಕೊಲ್ಲಾಪುರ ಜಿಲ್ಲೆಯ ತಿಲ್ಲಾರಿ ಘಟ್ಟದ ಒದ್ದೆ ಬಂಡೆಗಳಲ್ಲಿ ಒಂದು ಹುಲ್ಲು ಸಿಕ್ಕಿತು. ಹೋಲಿಸಿ ನೋಡಿದರೆ ಅದು ಹಬಾರ್ಡಿಯಾ! ಎಂಬತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಜೀವಂತವಾಗಿ ಕಂಡಿತು. ಅವರು ಅದನ್ನು ತಮ್ಮ ವಿಶ್ವವಿದ್ಯಾಲಯದ ತೋಟದಲ್ಲಿ ಬೆಳೆಸಿ ಉಳಿಸುವ ಕೆಲಸವನ್ನೂ ಮಾಡಿದರು. ಬೋರರ ವಿವರಣೆಯೂ ಕ್ಯೂನ ಹಾಳೆಯೂ ಇಲ್ಲದಿದ್ದರೆ ತಿಲ್ಲಾರಿಯ ಹುಲ್ಲು ಯಾವುದೆಂದು ಹೇಳುವ ಬಗೆ ಯಾವುದು? ಹೊಸದೆಂದು ಹೊಸ ಹೆಸರಿಡುತ್ತಿದ್ದರು. ಜೋಗದಲ್ಲಿ ಏನನ್ನು ಕಳೆದುಕೊಂಡೆವೆಂಬುದು ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಸಸ್ಯಾಗಾರದ ಪಾಲಕನ ಕೆಲಸದ ತಿರುಳು ಇದೇ ಎಂದು ನನಗೆ ತೋರುತ್ತದೆ. ಇಂದು ಯಾರೂ ಕೇಳದ ಪ್ರಶ್ನೆಗೆ ಉತ್ತರವಾಗುವ ಹಾಳೆಯನ್ನು ಹುಳುವಿನಿಂದ, ತೇವದಿಂದ, ಬೆಂಕಿಯಿಂದ, ‘ಈ ಹಳೆಯ ಕಸ ಏಕೆ’ ಎನ್ನುವ ಮೇಲಧಿಕಾರಿಯಿಂದ ಮೂವತ್ತು ವರ್ಷ ಕಾಯುವುದು. ಅದಕ್ಕೆ ಸನ್ಮಾನವಿಲ್ಲ. ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಸ್ವಿಟ್ಜರ್ಲೆಂಡಿನ ಪಾದ್ರಿ ಎಥೆಲ್ಬರ್ಟ್ ಬ್ಲಾಟರ್ ಕಟ್ಟಿದ ಸಂಗ್ರಹವನ್ನು ಅವರ ಮರಣಾನಂತರ ಸ್ಪೇನಿನಿಂದ ಬಂದು ಭಾರತದ ಪೌರತ್ವ ಪಡೆದ ಪಾದ್ರಿ ಹೆರ್ಮೆನೆಗಿಲ್ಡ್ ಸಾಂತಾಪಾವ್ ವಹಿಸಿಕೊಂಡು ಬ್ಲಾಟರ್ ಹರ್ಬೇರಿಯಂ ಎಂದು ಹೆಸರಿಟ್ಟರು. ಸೆಜ್‌ವಿಕ್ಕರ ಹಾಳೆಗಳು ಅಲ್ಲಿ ಉಳಿದದ್ದು ಅಂಥವರ ಕೈಯಲ್ಲಿ. ಪುಣೆಯಲ್ಲಿ 1955ರಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ವಲಯ ಆರಂಭವಾಗಿ, ಹಳೆಯ ಮುಂಬಯಿ ಪ್ರಾಂತದ ಸಂಗ್ರಹಗಳಿಗೆ ಇನ್ನೊಂದು ಸೂರು ದೊರೆಯಿತು.

ಮರುವರ್ಷ, 1956ರಲ್ಲಿ, ರಾಜ್ಯಗಳ ಪುನರ್ವಿಂಗಡಣೆಯಾಗಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಕಚೇರಿಯ ದಫ್ತರಗಳು ಬಂದವು, ನೌಕರರು ಬಂದರು. ಹಾಳೆಗಳು ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಅಂಕೋಲೆಯ ಗುಡ್ಡದ ಗಿಡವೊಂದರ ನೂರು ವರ್ಷ ಹಿಂದಿನ ಸಾಕ್ಷಿ ಬೇಕಾದವರು ಮುಂಬಯಿ, ಪುಣೆ, ಲಂಡನ್ ಸುತ್ತಬೇಕು. ಕರ್ನಾಟಕಕ್ಕೆ ತನ್ನದೇ ಆದ ಸಂಗ್ರಹ ಬೇಕೆಂದು ಹೊರಟವರಲ್ಲಿ ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಪಾದ್ರಿ ಸಿಸಿಲ್ ಸಲ್ಡಾನಾ ಪ್ರಮುಖರು. 1976ರಲ್ಲಿ ಡಾನ್ ನಿಕೋಲ್ಸನ್ ಅವರೊಡನೆ ಹಾಸನ ಜಿಲ್ಲೆಯ ಸಸ್ಯಗ್ರಂಥ, ಬಳಿಕ 1984 ಮತ್ತು 1996ರಲ್ಲಿ ಕರ್ನಾಟಕದ ಸಸ್ಯಗ್ರಂಥದ ಎರಡು ಸಂಪುಟಗಳನ್ನು ಹೊರತಂದು, ಕೆಲಸ ಇನ್ನೂ ಉಳಿದಿರುವಾಗಲೇ 2002ರಲ್ಲಿ ತೀರಿಕೊಂಡರು. ಅವರ ಸಂಗ್ರಹ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿತು. ಅದರ ಚಿತ್ರಗಳನ್ನು ಇಂದು ಅಂತರ್ಜಾಲದಲ್ಲಿ ಮನೆಯಿಂದಲೇ ನೋಡಬಹುದು. ಕ್ಯೂ ಕೂಡ ತನ್ನ ಹಾಳೆಗಳ ಚಿತ್ರಗಳನ್ನು ಹಾಗೆಯೇ ತೆರೆದಿಟ್ಟಿದೆ. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿ ಗಿಡಗಳ ರುಚಿ ಹಿಡಿದ ನನ್ನ ತಲೆಮಾರಿನವರಿಗೆ ಇದು ಕನಸಿನಂಥ ಸೌಕರ್ಯ.

ಒಂದು ಕೊರತೆಯನ್ನು ಮಾತ್ರ ಯಾವ ಅಂತರ್ಜಾಲವೂ ತುಂಬಲಾರದು. ಟಾಲ್ಬಟ್ಟರ ಗ್ರಂಥದಲ್ಲಿ ಮರಗಳ ಕನ್ನಡ, ಮರಾಠಿ ಹೆಸರುಗಳಿವೆ. ಆ ಹೆಸರುಗಳನ್ನು ಹೇಳಿಕೊಟ್ಟವರು ನಮ್ಮ ಹಾಲಕ್ಕಿಗಳೋ, ಕುಣಬಿಗಳೋ, ಕಾಡಿನ ಗಾರ್ಡುಗಳೋ ಆಗಿರಲೇಬೇಕು. ಮರ ಹತ್ತಿ ಹೂ ಕೊಯ್ದವರೂ ಅವರೇ ಆಗಿದ್ದಾರು. ಮರದ ಹೆಸರು ಉಳಿಯಿತು, ಹೇಳಿದವನದು ಹೋಯಿತು. ಇದಕ್ಕಿಂತ ಎರಡು ಶತಮಾನ ಹಿಂದೆ, ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ ‘ಹಾರ್ಟಸ್ ಮಲಬಾರಿಕಸ್’ನಲ್ಲಿ ಇಟ್ಟಿ ಅಚ್ಯುದನ್ ವೈದ್ಯರ ಹೆಸರೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ವೈದ್ಯರ ಹೆಸರುಗಳೂ ಅವರ ಪ್ರಮಾಣಪತ್ರಗಳ ಸಮೇತ ಅಚ್ಚಾಗಿವೆ. ಅಷ್ಟು ಸೌಜನ್ಯವನ್ನು ಮುಂಬಯಿ ಸರಕಾರದ ಗ್ರಂಥಗಳು ತೋರಲಿಲ್ಲ.

ಅಂಕೋಲೆ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯದೆ ಈ ಮಾತು ಪೂರ್ಣವಾಗದು. ಶಾಲೆಯ ಮೆಟ್ಟಿಲು ಹತ್ತದ ಹಾಲಕ್ಕಿ ಹೆಂಗಸು. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಿನಗೂಲಿಯಾಗಿ ಸೇರಿ ದಶಕಗಟ್ಟಲೆ ದುಡಿದವರು. ಕಾಡಿನಲ್ಲಿ ಒಂದು ಜಾತಿಯ ಮರಗಳ ನಡುವೆ ತಾಯಿಮರ ಯಾವುದು, ಅದರ ಬೀಜವನ್ನು ಯಾವ ವಾರ ಆಯಬೇಕು, ಹೇಗೆ ಮೊಳಕೆ ಬರಿಸಬೇಕು ಎಂಬುದು ಅವರಿಗೆ ಕರತಲಾಮಲಕ. 2020ರ ಸಾಲಿನ ಪದ್ಮಶ್ರೀಯನ್ನು 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ನಡೆದುಹೋಗಿ ಸ್ವೀಕರಿಸಿದರು. 2024ರ ಡಿಸೆಂಬರ್ 16ರಂದು ನಿಧನರಾದರು. ಟಾಲ್ಬಟ್ಟರ ಕಾಲದ ಹೆಸರಿಲ್ಲದ ತುಳಸಿ ಗೌಡರು ಎಷ್ಟು ಜನರಿದ್ದರೋ! ತುಳಸಿ ಗೌಡರ ತಿಳಿವಳಿಕೆಗೆ ಚೀಟಿ ಅಂಟಿಸಿದ ಹಾಳೆಯಿಲ್ಲ. ಅವರ ಕೈಯಡಿ ಕಲಿತವರ ನೆನಪಿನಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ.

ಕೆಲಸವೆಲ್ಲ ದೊರೆಗಳ ಕಾಲದಲ್ಲಿಯೇ ಮುಗಿಯಿತೆಂದು ಯಾರಾದರೂ ಭಾವಿಸಿದ್ದರೆ ಕತ್ತಲೆಕಾನಿನ ಮರವನ್ನು ತೋರಿಸಬೇಕು. ಸಿದ್ದಾಪುರ ತಾಲೂಕಿನ ಆ ಕಾನಿನ ಜೌಗಿನಲ್ಲಿ ಎತ್ತರಕ್ಕೆ ಬೆಳೆದು ನಿಂತ ಗೇರಿನ ಬಳಗದ ಮರವೊಂದು ಟಾಲ್ಬಟ್ಟರ ಎರಡು ಸಂಪುಟಗಳಿಗೂ ಸಿಗದೆ ಉಳಿದಿತ್ತು. 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಅದಕ್ಕೆ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಹೆಸರಿಟ್ಟರು. ಬೆಳೆದ ಮರಗಳು ಬೆರಳೆಣಿಕೆಯಷ್ಟೇ ಎನ್ನುವಷ್ಟು ವಿರಳ. 2011ರಲ್ಲಿ ಸಚಿನ್ ಪುಣೇಕರ್ ಮತ್ತು ಪಿ. ಲಕ್ಷ್ಮೀನರಸಿಂಹನ್ ಆಣಶಿ ರಾಷ್ಟ್ರೀಯ ಉದ್ಯಾನದ ಸಸ್ಯಗ್ರಂಥವನ್ನು ಪ್ರಕಟಿಸಿದರು. ಆಣಶಿಯ ಹೆಸರನ್ನೇ ಹೊತ್ತ ‘ಎರಿಯೋಕಾಲಾನ್ ಆಣಶಿಯೆನ್ಸೆ’ ಎಂಬ ಗುಂಡುತಲೆಯ ಪುಟ್ಟ ಹೂಗಿಡವೂ ಅವರ ಕೆಲಸದ ಫಲ.

ಹಳಬರು ನಡೆದಾಡಿದ ಕಾಳಿಯ ದಂಡೆಯ ಬಹುಭಾಗ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳ ನೀರಿನಡಿ ಇದೆ. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ವಾದವಿವಾದ ದಶಕಗಳಿಂದ ನಡೆದೇ ಇದೆ. ಆ ಹಾದಿಯ ಕಾಡಿನಲ್ಲಿ ಇರುವುದೇನು ಎಂದು ನ್ಯಾಯಾಲಯವೋ ಸಮಿತಿಯೋ ಕೇಳಿದಾಗ ಎರಡೂ ಕಡೆಯವರು ಕೊನೆಗೆ ಸಸ್ಯಗಳ ಪಟ್ಟಿಯನ್ನು ಮುಂದಿಡಬೇಕಾಗುತ್ತದೆ. ಪಟ್ಟಿಯಲ್ಲಿನ ಹೆಸರಿಗೆ ಆಧಾರವೇನೆಂದು ಮತ್ತೆ ಕೇಳಿದರೆ, ಯಾವುದೋ ಕಪಾಟಿನಿಂದ ಒಂದು ಹಾಳೆಯನ್ನು ಹೊರತೆಗೆಯಬೇಕು. ಅದರ ಕೆಳಮೂಲೆಯ ಚೀಟಿಯಲ್ಲಿ ಯಾರೋ ಮಳೆಗಾಲದ ಒಂದು ದಿನ ಶಾಯಿಯಲ್ಲಿ ಬರೆದ ಊರು, ತಾರೀಖು, ಸಂಖ್ಯೆ ಇರುತ್ತದೆ.